ತಾರಸಿಯ ಚೀಲದಲ್ಲಿ ಶಂಕರಪುರ ಮಲ್ಲಿಗೆ: ನಮ್ಮ ಮಳೆಗೆ ಹೊಂದುವ ಮಣ್ಣಿನ ಮಿಶ್ರಣ ಯಾವುದು?

ಪ್ರಶ್ನೆ: ಬಿಜೈ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯಲ್ಲಿ ಶಂಕರಪುರ ಮಲ್ಲಿಗೆಯ ಗಿಡಗಳನ್ನು ಗ್ರೋ ಬ್ಯಾಗ್‌ಗಳಲ್ಲಿ ಬೆಳೆಸಬೇಕೆಂದು ನಾನೂ ನಮ್ಮ ಅತ್ತೆಯವರೂ ನಿಶ್ಚಯಿಸಿದ್ದೇವೆ. ತಾರಸಿಗೆ ಬೆಳಗಿನಿಂದ ಇಳಿಹೊತ್ತಿನವರೆಗೆ ನೇರ ಬಿಸಿಲು ಬೀಳುತ್ತದೆ, ನೀರಿಗೆ ಮನೆಯ ಬಾವಿಯಿದೆ. ಆದರೆ ಮೇಲೆ ಶೀಟಿನ ಮಾಡು ಇಲ್ಲ, ಹಾಕಿಸುವ ಆಲೋಚನೆಯೂ ಇಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಷ್ಟೂ ಚೀಲಗಳ ಮೇಲೆಯೇ ಬೀಳುತ್ತದೆ.

ಗಿಡ ತರುವುದಕ್ಕೆ ಮೊದಲು ಮಣ್ಣಿನ ವಿಚಾರ ಸರಿಯಾಗಿ ತಿಳಿದುಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ. ಮಲ್ಲಿಗೆ ಹಲವು ವರ್ಷ ನಿಲ್ಲುವ ಗಿಡವಾದ್ದರಿಂದ ತರಕಾರಿಯ ಚೀಲದಂತೆ ಪ್ರತಿ ಬೆಳೆಯ ಕೊನೆಗೆ ಮಣ್ಣು ಬದಲಾಯಿಸಲು ಬರುವುದಿಲ್ಲ. ಕೈಗೆ ಸುಲಭವಾಗಿ ಸಿಗುವುದು ಹಿತ್ತಿಲಿನ ಕೆಂಪು ಮುರ (ಜಂಬಿಟ್ಟಿಗೆ) ಮಣ್ಣು, ಕಾರ್ಕಳದ ತವರುಮನೆಯ ಹಟ್ಟಿಗೊಬ್ಬರ, ಅಕ್ಕಿ ಗಿರಣಿಯ ಉಮಿ, ಎಂ-ಸ್ಯಾಂಡ್ ಮತ್ತು ಅಂಗಡಿಯ ಕೋಕೋಪೀಟ್ (ತೆಂಗಿನ ನಾರಿನ ಹುಡಿ) ಇಟ್ಟಿಗೆಗಳು. ಮಣ್ಣು, ಕೋಕೋಪೀಟ್, ಎರೆಗೊಬ್ಬರ ಮೂರನ್ನೂ ಸಮಪಾಲಿನಲ್ಲಿ ಬೆರೆಸಿದರೆ ಸಾಕೆಂದು ಒಬ್ಬ ನರ್ಸರಿಯವರು ಹೇಳಿದರು. ಬೆಂಗಳೂರಿನ ಕಡೆಯ ಹೆಚ್ಚಿನ ವೀಡಿಯೊಗಳಲ್ಲಿಯೂ ಇದೇ ಅಳತೆಯನ್ನು ಹೇಳುತ್ತಾರೆ. ಅಲ್ಲಿನ ಮಳೆಗೂ ಇಲ್ಲಿನ ಮಳೆಗೂ ಇರುವ ಅಂತರ ನೋಡಿದರೆ ಅದೇ ಅಳತೆ ನಮಗೂ ಹೊಂದೀತೇ ಎಂಬುದು ನನ್ನ ಮೊದಲ ಸಂದೇಹ. ಚೀಲದ ತಳಕ್ಕೆ ಜಲ್ಲಿ ಹಾಕಬೇಕೇ, ಸುಣ್ಣ ಸೇರಿಸಬೇಕೇ, ಎಷ್ಟು ದೊಡ್ಡ ಚೀಲ ಬೇಕು ಎಂಬುದನ್ನೂ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಟಪಾಡಿಯ ಮಲ್ಲಿಗೆ ಬೆಳೆಗಾರ

ನಮಸ್ಕಾರ ಅಕ್ಕ. ಶಂಕರಪುರ, ಶಿರ್ವ, ಕಟಪಾಡಿಯ ಸುತ್ತಮುತ್ತ ಈ ಮಲ್ಲಿಗೆ ಇಷ್ಟು ಕಾಲ ನೆಲೆ ನಿಂತಿರುವುದಕ್ಕೆ ಇಲ್ಲಿನ ಬೆಟ್ಟು ಭೂಮಿಯೂ ಒಂದು ಮುಖ್ಯ ಕಾರಣ. ಎಷ್ಟೇ ಜೋರಾಗಿ ಮಳೆ ಬಂದರೂ ಮುರ ಮಣ್ಣಿನ ಎತ್ತರದ ಜಾಗದಲ್ಲಿ ನೀರು ಬುಡದಲ್ಲಿ ನಿಲ್ಲುವುದಿಲ್ಲ. ಬೈಲಿನ ಗದ್ದೆಯಲ್ಲಿ ನೆಟ್ಟ ಮಲ್ಲಿಗೆ ಹಾಗೆ ಉಳಿಯುವುದಿಲ್ಲ. ಆದ್ದರಿಂದ ಹಿತ್ತಿಲಿನ ಮುರ ಮಣ್ಣನ್ನು ಬಿಟ್ಟುಬಿಡಬೇಡಿ, ನಿಮ್ಮ ಮಿಶ್ರಣಕ್ಕೆ ಅದೇ ಆಧಾರವಾಗಲಿ. ಗದ್ದೆಯ ಮಣ್ಣು ಕಪ್ಪಾಗಿ, ಫಲವತ್ತಾಗಿ ಕಂಡರೂ ಚೀಲಕ್ಕೆ ಹಾಕಬೇಡಿ. ವರ್ಷ ವರ್ಷ ಕೆಸರು ಉತ್ತು ಆ ಮಣ್ಣಿನ ಕಣಗಳ ಜೋಡಣೆಯೇ ಒಡೆದುಹೋಗಿರುತ್ತದೆ. ಚೀಲದೊಳಗೆ ಅದು ಮಳೆಗಾಲದಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಇಟ್ಟಿಗೆಯಂತಾಗುತ್ತದೆ.

ನಮ್ಮ ಹಿರಿಯರು ಮಲ್ಲಿಗೆಗೂ ತರಕಾರಿಗೂ ಬಳಸುತ್ತ ಬಂದಿರುವ ಸುಡುಮಣ್ಣನ್ನು ನೀವು ಪಟ್ಟಿಯಲ್ಲಿ ಸೇರಿಸಿಲ್ಲ. ನನ್ನ ಮಟ್ಟಿಗೆ ತಾರಸಿಯ ಚೀಲಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ತೆಂಗಿನ ಒಣಗರಿ, ಸಣ್ಣ ಕಡ್ಡಿ, ತರಗೆಲೆಗಳನ್ನು ಹರಡಿ, ಅದರ ಮೇಲೆ ಹೆಂಟೆ ಹೆಂಟೆಯಾದ ಮಣ್ಣು ಹಾಕಿ, ಮತ್ತೆ ತರಗೆಲೆ, ಮತ್ತೆ ಮಣ್ಣು ಎಂದು ರಾಶಿ ಮಾಡಿ, ಗಾಳಿ ಬರುವ ದಿಕ್ಕಿಗೆ ಎದುರಾಗಿ ಬೆಂಕಿ ಕೊಡುತ್ತೇವೆ. ಜ್ವಾಲೆ ಮೇಲೇಳಬಾರದು. ಹೊಗೆಯಾಡುತ್ತ ನಿಧಾನವಾಗಿ ಬೇಯಬೇಕು. ಜ್ವಾಲೆ ಕಂಡಲ್ಲಿಗೆ ಒಂದು ಬುಟ್ಟಿ ಮಣ್ಣು ಸುರಿದು ಮುಚ್ಚುತ್ತೇವೆ. ರಾಶಿ ತಣ್ಣಗಾದ ಮೇಲೆ ಕೈಯಲ್ಲಿ ಹಿಡಿದು ನೋಡಿ. ಹೆಂಟೆಗಳು ಸುಲಭವಾಗಿ ಒಡೆದು ಕಡಲೆ ಗಾತ್ರದ, ಗಟ್ಟಿಯಾದ ಹರಳುಗಳಾಗಿರುತ್ತವೆ, ಅವುಗಳ ನಡುವೆ ಕರಿ ಮತ್ತು ಬೂದಿ ಸೇರಿಕೊಂಡಿರುತ್ತದೆ. ಆ ಹರಳುಗಳು ನೀರು ಬಿದ್ದರೂ ಮತ್ತೆ ಕೆಸರಾಗುವುದಿಲ್ಲ, ಕಳೆಯ ಬೀಜ ಮತ್ತು ಹುಳುಗಳ ಮೊಟ್ಟೆ ಸತ್ತಿರುತ್ತವೆ, ಬೂದಿಯಿಂದ ಪೊಟ್ಯಾಶ್ ಸಿಗುತ್ತದೆ, ಮಣ್ಣಿನ ಹುಳಿಯೂ (ಆಮ್ಲೀಯತೆ) ಸ್ವಲ್ಪ ತಗ್ಗುತ್ತದೆ. ಪೇಟೆಯ ನಡುವೆ ಹೀಗೆ ಸುಡುವುದು ಸರಿಯಲ್ಲ, ನೆರೆಯವರಿಗೆ ಹೊಗೆಯ ತೊಂದರೆಯಾಗುತ್ತದೆ. ಕಾರ್ಕಳದ ಮನೆಯಲ್ಲಿ ಬೇಸಿಗೆಯಲ್ಲಿ ಮಾಡಿಸಿ ಚೀಲದಲ್ಲಿ ತುಂಬಿ ತರಿಸಿಕೊಳ್ಳಿ.

ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಹಟ್ಟಿಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸೆಗಣಿಯ ವಾಸನೆಯಿದ್ದರೆ, ರಾಶಿಯ ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ ಅದಕ್ಕೆ ಇನ್ನೂ ಕಾಲ ಬೇಕು. ಗೊಬ್ಬರದ ರಾಶಿಯಲ್ಲಿ ಕುರುವಾಯಿ ದುಂಬಿಯ ಬಿಳಿ, ದಪ್ಪ ಹುಳುಗಳು ಇರುವುದು ಸಾಮಾನ್ಯ. ಜರಡಿ ಹಿಡಿದು ಅವನ್ನು ಆರಿಸಿ ತೆಗೆದೇ ಚೀಲಕ್ಕೆ ಹಾಕಿ.

ಉತ್ತರ: ಬ್ರಹ್ಮಾವರದಿಂದ, ಮಣ್ಣು ವಿಜ್ಞಾನ ಓದಿದವನು

ಕಟಪಾಡಿಯ ಅಣ್ಣನವರು ಹೇಳಿದ್ದು ಸರಿಯಾಗಿದೆ. ನೆಲದಲ್ಲಿ ಚೆನ್ನಾಗಿ ಬಸಿಯುವ ಮುರ ಮಣ್ಣೇ ಚೀಲದಲ್ಲಿ ಯಾಕೆ ಬಸಿಯುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ಜಲ್ಲಿಯ ಪ್ರಶ್ನೆಗೂ ಚೀಲದ ಅಳತೆಯ ಪ್ರಶ್ನೆಗೂ ಉತ್ತರ ಅದರಲ್ಲಿಯೇ ಇದೆ.

ನೆಲದಲ್ಲಿ ಮಣ್ಣಿನ ಕೆಳಗೆ ಮತ್ತೆ ಮಣ್ಣೇ ಇರುವುದರಿಂದ ನೀರು ಕೆಳಗೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ಚೀಲದ ತಳದಲ್ಲಿ ಮಣ್ಣು ಮುಗಿದು ಗಾಳಿ ಶುರುವಾಗುತ್ತದೆ. ಸಣ್ಣ ರಂಧ್ರಗಳಲ್ಲಿ ಹಿಡಿದಿಟ್ಟ ನೀರು ತಾನಾಗಿ ಗಾಳಿಗೆ ಇಳಿಯುವುದಿಲ್ಲ. ಮೇಲಿನ ನೀರಿನ ಭಾರ ಸಾಕಷ್ಟಾದಾಗ ಮಾತ್ರ ತೂತಿನಿಂದ ತೊಟ್ಟಿಕ್ಕುತ್ತದೆ. ಹಾಗಾಗಿ ಎಷ್ಟೇ ತೂತು ಕೊರೆದರೂ ತಳದಲ್ಲಿ ಕೆಲವು ಅಂಗುಲದಷ್ಟು ಮಣ್ಣು ನೀರು ತುಂಬಿಕೊಂಡೇ ನಿಲ್ಲುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಆಳ ಹೆಚ್ಚಾದಾಗ ಚೀಲದಲ್ಲಿ ಆಗುವುದೂ ಇದೇ. ನೀರು ಕಟ್ಟಿನಿಂತ ಪದರದ ದಪ್ಪವನ್ನು ನಿರ್ಧರಿಸುವುದು ಮಿಶ್ರಣದ ಕಣಗಳ ಗಾತ್ರವೇ ಹೊರತು ಚೀಲದ ಗಾತ್ರವಲ್ಲ. ಆಳ ಕಡಿಮೆಯಿರುವ ಅಗಲವಾದ ತೊಟ್ಟಿಯಲ್ಲಿ ಬೇರಿನ ಬಹುಪಾಲು ಆ ಪದರದಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಆಳವಾದ ಚೀಲದಲ್ಲಿ ಅದರ ಮೇಲೆ ಗಾಳಿಯಾಡುವ ಜಾಗ ಸಾಕಷ್ಟು ಉಳಿಯುತ್ತದೆ. ಮಲ್ಲಿಗೆಗೆ ಒಂದೂವರೆ ಅಡಿಯ ಆಳ ಇರಲಿ ಎನ್ನುವುದು ಈ ಕಾರಣಕ್ಕೆ.

ತಳಕ್ಕೆ ಜಲ್ಲಿ ಹಾಕಿದರೆ ಈ ಪದರ ಮಾಯವಾಗುವುದಿಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಕಲ್ಲುಗಳ ನಡುವಿನ ಬಯಲಿಗೆ ನೀರು ಇಳಿಯಲು ಹಿಂಜರಿಯುವುದರಿಂದ ಅದೇ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನಿಂದ ಮಣ್ಣು ಜಾರದಂತೆ ಒಂದು ತುಂಡು ತೆಂಗಿನ ನಾರು ಅಥವಾ ಸೊಳ್ಳೆ ಪರದೆಯ ಬಲೆ ಹಾಕಿದರೆ ಸಾಕು. ಜಲ್ಲಿಗೆ ಕೊಡುವ ಆಳವನ್ನು ಮಣ್ಣಿಗೇ ಕೊಡಿ.

ಹೀಗಿರುವಾಗ ಗೊಬ್ಬರಕ್ಕಿಂತ ಮೊದಲು ಯೋಚಿಸಬೇಕಾದದ್ದು ಮಿಶ್ರಣದಲ್ಲಿ ಗಾಳಿಗೆ ಎಷ್ಟು ಜಾಗವಿದೆ ಎಂಬುದನ್ನು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಗೊಬ್ಬರ ಕಡಿಮೆಯಾದರೆ ಮತ್ತೆ ಕೊಡಬಹುದು. ಉಸಿರುಕಟ್ಟಿ ಕೊಳೆತ ಬೇರನ್ನು ಸರಿಪಡಿಸುವ ದಾರಿಯಿಲ್ಲ. ಸಮಪಾಲಿನ ಸೂತ್ರದಲ್ಲಿ ನನಗೆ ಕಾಣುವ ತೊಡಕು ಇದೇ: ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ, ಎರೆಗೊಬ್ಬರದ ಕಣಗಳು ಬಹಳ ನಯ, ಅಂದರೆ ಮೂರರಲ್ಲಿ ಎರಡು ಪಾಲು ನೀರು ಹಿಡಿಯುವ ವಸ್ತುವೇ ಆಗಿಬಿಡುತ್ತದೆ. ಬಿಟ್ಟು ಬಿಟ್ಟು ಮಳೆ ಬರುವ ಊರಿನಲ್ಲಿ ಅದು ಗುಣ, ಆಷಾಢದ ಮಂಗಳೂರಿನಲ್ಲಿ ಅಪಾಯ.

ನಿಮ್ಮ ಮಿಶ್ರಣವನ್ನು ಮನೆಯಲ್ಲಿಯೇ ಅಳೆದು ನೋಡಬಹುದು. 10 ಲೀಟರ್ ಹಿಡಿಯುವ ಬಕೆಟಿನ ತಳಕ್ಕೆ ತೂತು ಮಾಡಿ, ಹೊರಗಿನಿಂದ ಟೇಪು ಅಂಟಿಸಿ ಮುಚ್ಚಿ. ಮಿಶ್ರಣ ತುಂಬಿ, ನೆಲಕ್ಕೆ ಒಂದೆರಡು ಸಲ ಮೆಲ್ಲನೆ ಕುಟ್ಟಿ ಕೂರಿಸಿ. ಮೇಲ್ಮೈಯಲ್ಲಿ ನೀರು ಮಿನುಗುವವರೆಗೆ ನಿಧಾನವಾಗಿ ನೀರೆರೆದು ಕೆಲವು ಗಂಟೆ ಬಿಡಿ, ನೀರು ಇಳಿದಿದ್ದರೆ ಮತ್ತೆ ತುಂಬಿಸಿ. ಅನಂತರ ಬಕೆಟನ್ನು ಒಂದು ಬೇಸಿನ್ನಿನ ಮೇಲೆ ಎರಡು ಕೋಲಿನ ಆಸರೆಯಲ್ಲಿಟ್ಟು ಟೇಪು ತೆಗೆಯಿರಿ. ಬಸಿದು ಬಂದ ನೀರನ್ನು ಅಳತೆಪಾತ್ರೆಯಲ್ಲಿ ಅಳೆಯಿರಿ. ಹೊರಬಂದ ನೀರಿನ ಜಾಗಕ್ಕೇ ಈಗ ಗಾಳಿ ಹೋಗಿರುತ್ತದೆ. ಒಂದೂವರೆಯಿಂದ ಎರಡು ಲೀಟರ್ ಬಂದರೆ ಮಿಶ್ರಣದ ಶೇ. 15ರಿಂದ 20ರಷ್ಟು ಗಾಳಿಯ ಜಾಗವಿದೆ ಎಂದರ್ಥ, ಅದು ಸಾಕು. ಒಂದು ಲೀಟರಿಗೂ ಕಡಿಮೆ ಬಂದರೆ ಇನ್ನಷ್ಟು ದಪ್ಪ ಕಣಗಳನ್ನು ಸೇರಿಸಿ ಮತ್ತೆ ಅಳೆಯಿರಿ.

ದಪ್ಪ ಕಣಗಳಿಗಾಗಿ ಎಂ-ಸ್ಯಾಂಡ್ ಬಳಸುವುದಾದರೆ ಅದನ್ನು ತೊಳೆದು ಹುಡಿಯನ್ನು ಹೊರಹಾಕುವುದು ಅಗತ್ಯ. ತೊಳೆಯದಿದ್ದರೆ ಆ ಕಲ್ಲಿನ ಹುಡಿಯೇ ರಂಧ್ರಗಳನ್ನು ಮುಚ್ಚುತ್ತದೆ. ಕಡಲತೀರದ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪೂ ಚಿಪ್ಪಿನ ಚೂರೂ ಇರುತ್ತವೆ. ಹಗುರವಾಗಿರಬೇಕೆಂದರೆ ಸುಟ್ಟ ಉಮಿ ಉತ್ತಮ. ಕುಚ್ಚಲಕ್ಕಿ ಗಿರಣಿಗಳಲ್ಲಿ ಒಲೆಗೆ ಉಮಿಯನ್ನೇ ಉರಿಸುವುದರಿಂದ ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ತರುವಾಗ ಬಣ್ಣ ನೋಡಿ ಆರಿಸಿ. ಆಕಾರ ಕೆಡದೆ ಕಪ್ಪಗೆ ಕರಿಯಾದ ಉಮಿ ಬೇಕು. ಪೂರ್ತಿ ಉರಿದು ಬಿಳಿಯಾದ ಬೂದಿ ನಯವಾಗಿ ಮೆತ್ತಿಕೊಳ್ಳುತ್ತದೆ.

ಮತ್ತೆ ಪ್ರಶ್ನೆ: ಬಿಜೈ, ಮಂಗಳೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಕೆಟಿನ ಪರೀಕ್ಷೆಯನ್ನು ಖಂಡಿತ ಮಾಡುತ್ತೇನೆ, ಸುಡುಮಣ್ಣಿಗೆ ತವರುಮನೆಗೆ ಹೇಳಿಯೂ ಆಯಿತು. ಇನ್ನೆರಡು ಸಂದೇಹಗಳಿವೆ. ಕೋಕೋಪೀಟನ್ನು ಪೂರ್ತಿ ಬಿಟ್ಟರೆ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಚೀಲ ಬೇಗ ಒಣಗದೇ? ಹಾಗೆಯೇ ಇಷ್ಟು ಮಣ್ಣು, ಮರಳು ತುಂಬಿದ ಚೀಲಗಳ ಭಾರವನ್ನು ಹಳೆಯ ತಾರಸಿ ತಡೆದೀತೇ ಎಂದು ಮನೆಯವರು ಕೇಳುತ್ತಿದ್ದಾರೆ.

ಉತ್ತರ: ಉಳ್ಳಾಲದ ತಾರಸಿ ತೋಟದಿಂದ

ನಮಸ್ಕಾರ. ಕೋಕೋಪೀಟನ್ನು ಪೂರ್ತಿ ಬಿಡಬೇಕೆಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ. ತಾರಸಿಯ ಕಾಂಕ್ರೀಟು ಕಾದು ಚೀಲದ ಬದಿಗಳೂ ಬಿಸಿಯೇರುವ ಬೇಸಿಗೆಯಲ್ಲಿ, ಹೂವಿನ ಮುಖ್ಯ ಕಾಲವೂ ಅದೇ ಆಗಿರುವುದರಿಂದ, ಗಿಡಕ್ಕೆ ಒಂದು ದಿನ ನೀರು ತಪ್ಪಿದರೂ ಮೊಗ್ಗು ಸಣ್ಣದಾಗುತ್ತದೆ. ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಕೋಕೋಪೀಟ್ ಇದ್ದರೆ ಮಳೆಗಾಲಕ್ಕೆ ತೊಂದರೆಯಿಲ್ಲ, ಬೇಸಿಗೆಗೆ ಆಸರೆಯಾಗುತ್ತದೆ. ನಾರಿನ ಹುಡಿ ಮಾತ್ರ ಇರುವ ನಯವಾದ ಇಟ್ಟಿಗೆಗಿಂತ, ಸಿಪ್ಪೆಯ ಸಣ್ಣ ತುಂಡುಗಳು ಬೆರೆತದ್ದು ಸಿಕ್ಕಿದರೆ ಅದನ್ನೇ ಕೊಳ್ಳಿ.

ಕೊಂಡ ಮೇಲೆ ತೊಳೆಯದೆ ಬಳಸಬೇಡಿ. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಶಿಯಂ ಮತ್ತು ಸೋಡಿಯಂ ಲವಣಗಳಿರುತ್ತವೆ, ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಉಪ್ಪು ಇನ್ನೂ ಹೆಚ್ಚು. ಇಟ್ಟಿಗೆಯನ್ನು ದೊಡ್ಡ ಟಬ್ಬಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೆ ಹೊಸ ನೀರು ಹಾಕಿ ಹಿಂಡುವುದನ್ನು ಹಲವು ಸಲ ಮಾಡಬೇಕು. ಮಳೆಗಾಲದಲ್ಲಿಯೇ ಕೊಂಡರೆ ತೂತಿರುವ ಚೀಲದಲ್ಲಿ ತುಂಬಿ ಮಳೆಗೆ ಇಟ್ಟುಬಿಡಿ, ಆ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ. ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಮರೆಯಬಾರದು. ನದಿ ಮತ್ತು ಕಡಲಿಗೆ ಹತ್ತಿರದ ಬಾವಿಗಳ ನೀರು ಕಡು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಉಳ್ಳಾಲದಲ್ಲಿ ನಮಗೆ ಇದು ಪ್ರತಿ ವರ್ಷದ ಚಿಂತೆ. ಅಂತಹ ನೀರನ್ನು ದಿನಾ ಸ್ವಲ್ಪ ಸ್ವಲ್ಪವೇ ಎರೆದರೆ ನೀರು ಆವಿಯಾಗಿ ಉಪ್ಪು ಚೀಲದಲ್ಲಿಯೇ ಉಳಿಯುತ್ತದೆ, ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುತ್ತದೆ. ವಾರಕ್ಕೊಮ್ಮೆ ತಳದಿಂದ ಹರಿದು ಹೋಗುವಷ್ಟು ನೀರು ಕೊಟ್ಟರೆ ಆ ಉಪ್ಪು ತೊಳೆದು ಹೋಗುತ್ತದೆ. ಬಿಜೈ ಎತ್ತರದ ಜಾಗವಾದ್ದರಿಂದ ನಿಮ್ಮ ಬಾವಿಗೆ ಈ ತೊಂದರೆ ಇರಲಾರದು.

ಭಾರದ ವಿಷಯದಲ್ಲಿ ಮನೆಯವರ ಎಚ್ಚರ ಸರಿಯಾದದ್ದೇ. 40 ಲೀಟರಿನ ಚೀಲ ಮಳೆಯಲ್ಲಿ ನೆನೆದಾಗ 50 ಕಿಲೋ ದಾಟಬಹುದು. ಚೀಲಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ, ಅಂಚಿನುದ್ದಕ್ಕೆ ಅಂತರವಿಟ್ಟು ಜೋಡಿಸಿ. ಮನೆ ಹಳೆಯದಾಗಿದ್ದರೆ ಎಂಜಿನಿಯರೊಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಮರಳಿನ ಪಾಲು ಇಳಿಸಿ ಸುಟ್ಟ ಉಮಿಯ ಪಾಲು ಏರಿಸಿದರೆ ಭಾರ ಗಣನೀಯವಾಗಿ ತಗ್ಗುತ್ತದೆ. ಪ್ರತಿ ಚೀಲವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ, ಕೆಳಗಿನ ತಟ್ಟೆಗಳನ್ನು ಮೇ ಕೊನೆಗೇ ತೆಗೆದುಬಿಡಿ.

ಉತ್ತರ: ಕಟಪಾಡಿಯ ಮಲ್ಲಿಗೆ ಬೆಳೆಗಾರ

ಉಳ್ಳಾಲದ ಅಕ್ಕನ ಮಾತಿಗೆ ನನ್ನ ಒಪ್ಪಿಗೆಯಿದೆ. ನೆಲದಲ್ಲಿ ಬೆಳೆಯುವ ನಮಗೆ ಕೋಕೋಪೀಟಿನ ಅಗತ್ಯ ಬರುವುದಿಲ್ಲ, ತಾರಸಿಯ ಬಿಸಿಲು ಬೇರೆಯೇ.

ಮಿಶ್ರಣದೊಳಗೇ ಎಲ್ಲ ಗೊಬ್ಬರವನ್ನೂ ತುಂಬಿಸಿಡಬೇಕೆಂಬ ಆಸೆ ಬೇಡ. ಮೇಲಿನವರು ಹೇಳಿದ ಮಳೆಗೆ ಅದರ ಸಾರ ತೊಳೆದುಹೋಗುತ್ತದೆ. ಮಿಶ್ರಣಕ್ಕೆ ಬೇವಿನ ಹಿಂಡಿ ಒಂದೆರಡು ಮುಷ್ಟಿ, ಎಲುಬಿನ ಹುಡಿ ಒಂದು ಮುಷ್ಟಿ ಸಾಕು. ಮಳೆ ಹಿಂದೆ ಸರಿದ ಮೇಲೆ, ನವರಾತ್ರಿಯ ಹೊತ್ತಿಗೆ, ನೆಲಗಡಲೆ ಹಿಂಡಿಯನ್ನು ಕೊಳೆಸಿ ಕೊಡಲು ಆರಂಭಿಸಿ. ಒಂದು ಕಿಲೋ ಹಿಂಡಿಯನ್ನು 10 ಲೀಟರ್ ನೀರಿನಲ್ಲಿ ಸೆಗಣಿಯೊಂದಿಗೆ ಮೂರು ನಾಲ್ಕು ದಿನ ನೆನೆಸಿ, ಅದರ ತಿಳಿಗೆ ಹತ್ತು ಪಾಲು ನೀರು ಬೆರೆಸಿ ಬುಡದಿಂದ ಸ್ವಲ್ಪ ದೂರಕ್ಕೆ ಎರೆಯಿರಿ. ಮೊಗ್ಗು ದಿನವೂ ಕೊಯ್ಯುವ ಗಿಡ ಇದು. ಹೂ ಮಾರುವ ನಮ್ಮ ಅಳತೆಯಲ್ಲಿ ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೂವನ್ನು ನಾವು ತೆಗೆದುಕೊಳ್ಳುತ್ತಿರುವಾಗ ಗಿಡಕ್ಕೆ ಆಗಾಗ ಸ್ವಲ್ಪ ಸ್ವಲ್ಪವೇ ಕೊಡುತ್ತಿರುವುದು ನ್ಯಾಯ.

ಉತ್ತರ: ಬ್ರಹ್ಮಾವರದಿಂದ

ಉಳಿದಿರುವುದು ಸುಣ್ಣದ ಪ್ರಶ್ನೆ. ನಮ್ಮ ಮುರ ಮಣ್ಣು ಹುಳಿ ಮಣ್ಣು. ಲಕ್ಷಾಂತರ ವರ್ಷಗಳ ಮಳೆಗೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದಿವೆ. ಕೆಂಪು ಬಣ್ಣ ಬಂದದ್ದು ಆ ಕಬ್ಬಿಣದಿಂದಲೇ. ಕೊಟ್ಟ ರಂಜಕವನ್ನು ಈ ಆಕ್ಸೈಡುಗಳು ಗಿಡಕ್ಕೆ ಸಿಗದಂತೆ ಹಿಡಿದುಕೊಳ್ಳುತ್ತವೆ. ಅಣ್ಣನವರು ಎಲುಬಿನ ಹುಡಿ ಹೇಳಿದ್ದು ಇದಕ್ಕೆ ಹೊಂದುತ್ತದೆ. ಅದು ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗಿ ರಂಜಕವನ್ನೂ ಕ್ಯಾಲ್ಸಿಯಂನ್ನೂ ಬಿಟ್ಟುಕೊಡುತ್ತದೆ.

ಮಲ್ಲಿಗೆಗೆ ಮಣ್ಣಿನ ರಸಸಾರ (pH) 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಆದರೆ ಸುಡುಮಣ್ಣು ಮತ್ತು ಸುಟ್ಟ ಉಮಿ ಎರಡರಲ್ಲಿಯೂ ಬೂದಿಯ ಅಂಶವಿರುವುದರಿಂದ ಅವು ತಾವಾಗಿಯೇ ಹುಳಿಯನ್ನು ಸ್ವಲ್ಪ ಕಳೆಯುತ್ತವೆ. ಅದರ ಮೇಲೆ ಕಣ್ಣಂದಾಜಿಗೆ ಸುಣ್ಣ ಸುರಿದರೆ ರಸಸಾರ ಮೇಲೆ ಹೋಗಿ, ಚಿಗುರೆಲೆಗಳ ನರ ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ತುಂಬಿದ್ದರೂ ಬೇರಿಗೆ ಸಿಗದ ಸ್ಥಿತಿ ಅದು. ಆದ್ದರಿಂದ ಮೊದಲು ಮಿಶ್ರಣ ಮಾಡಿ, ಒದ್ದೆ ಮಾಡಿ ಒಂದು ವಾರ ಬಿಟ್ಟು, ಆ ಮಿಶ್ರಣವನ್ನೇ ಪರೀಕ್ಷೆಗೆ ಕೊಡಿ. ಹಿತ್ತಿಲಿನ ಮಣ್ಣನ್ನು ಮಾತ್ರ ಕೊಟ್ಟರೆ ಉತ್ತರ ಬೇರೆಯೇ ಬರುತ್ತದೆ. ಬ್ರಹ್ಮಾವರದಲ್ಲಿಯೂ ಮಂಗಳೂರಿನಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ.

ಎಲ್ಲರ ಮಾತನ್ನೂ ಸೇರಿಸಿ ನಿಮ್ಮ ತಾರಸಿಗೆ ನಾನು ಹೇಳುವ ಅಳತೆ ಇದು: ಜರಡಿ ಹಿಡಿದ ಮುರ ಮಣ್ಣು ಎರಡು ಪಾಲು, ಸುಡುಮಣ್ಣು ಎರಡು ಪಾಲು, ಕಪ್ಪಾದ ಸುಟ್ಟ ಉಮಿ ಎರಡು ಪಾಲು, ತೊಳೆದ ದಪ್ಪ ಎಂ-ಸ್ಯಾಂಡ್ ಒಂದು ಪಾಲು, ಕಳಿತ ಹಟ್ಟಿಗೊಬ್ಬರ ಎರಡು ಪಾಲು, ತೊಳೆದ ಕೋಕೋಪೀಟ್ ಒಂದು ಪಾಲು. ಬಕೆಟಿನ ಪರೀಕ್ಷೆಯಲ್ಲಿ ನೀರು ಕಡಿಮೆ ಬಸಿದರೆ ಮುರ ಮಣ್ಣಿನ ಪಾಲನ್ನು ಇಳಿಸಿ ಉಮಿಯನ್ನು ಏರಿಸಿ. ರಸಸಾರ ಐದೂವರೆಗಿಂತ ಕೆಳಗಿದ್ದರೆ 10 ಲೀಟರ್ ಮಿಶ್ರಣಕ್ಕೆ 20 ಗ್ರಾಂ ಡಾಲಮೈಟ್ ಬೆರೆಸಿ ಎರಡು ಮೂರು ವಾರ ತೇವದಲ್ಲಿಟ್ಟು, ಮತ್ತೊಮ್ಮೆ ನೋಡಿ, ಅನಂತರ ಗಿಡ ನೆಡಿ. ಡಾಲಮೈಟಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ಇರುವುದರಿಂದ ಚಿಪ್ಪಿನ ಸುಣ್ಣಕ್ಕಿಂತ ಅದು ಮೇಲು. ಆರಕ್ಕಿಂತ ಮೇಲಿದ್ದರೆ ಏನೂ ಹಾಕಬೇಡಿ. ಐದೂವರೆಯಿಂದ ಆರರ ನಡುವೆ ಇದ್ದರೆ ಈ ವರ್ಷ ಬಿಟ್ಟು, ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಪರೀಕ್ಷಿಸಿ ತೀರ್ಮಾನಿಸಿ. ಮಳೆನೀರು ಪ್ರತಿ ವರ್ಷವೂ ಚೀಲದ ಮಣ್ಣನ್ನು ಒಂದಿಷ್ಟು ಹುಳಿ ಮಾಡುತ್ತಲೇ ಇರುತ್ತದೆ.